ಪಿಡಿಎಫ್ ನುಂಗಿದ ‘ಅಲ್ಲ’

ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಹಾಳೆಯೊಂದನ್ನು ಹರಿಯದಂತೆ ಹೊರಗೆಳೆದೆ. ಆ ಲ್ಯಾಬಿನಲ್ಲಿ ನಾನು ಮಾಡಿದ ಮೊದಲ ತಪ್ಪು ಅದೇ. ಅಲ್ಲಿಯವರೆಗೆ ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿಕೊಂಡು, ನೀರು ಪರೀಕ್ಷೆ ಮಾಡಲು ಕೆಲಸಕ್ಕೆ ಸೇರಿದ ಹೆಣ್ಣುಮಗಳು. ಹಾಳೆ ಹೊರಬಂದದ್ದೇ ತಡ, ‘ಕಂಪ್ಯೂಟರ್ ಬಲ್ಲಾಕಿ’ ಆಗಿಬಿಟ್ಟೆ. ಈ ಬಡ್ತಿಗೆ ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ, ಬೇಡ ಎನ್ನುವ ಅವಕಾಶವೂ ಇಲ್ಲ.

ಲ್ಯಾಬ್ ಇದ್ದದ್ದು ರಾಯಚೂರಿನ ತೀನ್ ಕಂದೀಲ್ ಹತ್ತಿರ, ಒಂದು ಬಟ್ಟೆ ಅಂಗಡಿಯ ಮೇಲೆ. ಎರಡು ಕೋಣೆ. ಒಂದರಲ್ಲಿ ಬಾಟಲಿ, ಬ್ಯುರೆಟ್ಟು, ಬಣ್ಣ ಬದಲಿಸುವ ದ್ರಾವಣಗಳು. ಇನ್ನೊಂದರಲ್ಲಿ ಕಂಪ್ಯೂಟರ್, ಪ್ರಿಂಟರ್ ಮತ್ತು ನಮ್ಮ ಸರ್. ಸರ್ ಎಂದರೆ ಲ್ಯಾಬಿನ ಮಾಲೀಕರು. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಮನೆತನ ಮಠದ ಸೇವೆಯದು. ಹಣೆಯ ಮೇಲೆ ಅಂಗಾರ-ಅಕ್ಷತೆ ಇಟ್ಟುಕೊಂಡು ಒಂಬತ್ತೂವರೆಗೆಲ್ಲ ಕುರ್ಚಿಯಲ್ಲಿ ಕೂತಿರುತ್ತಿದ್ದರು. ತಾವು ನಿವೃತ್ತರಾದ ಸುದ್ದಿ ಅವರಿಗೊಬ್ಬರಿಗೆ ಇನ್ನೂ ಮುಟ್ಟಿರಲಿಲ್ಲ. ಯರಗೇರಾದಿಂದ ಬಸ್ಸಿನಲ್ಲಿ ನಿಂತೇ ಬರುತ್ತಿದ್ದ ನಾನು ಐದು ನಿಮಿಷ ತಡವಾದರೆ, ತರಗತಿಯ ಬಾಗಿಲಲ್ಲಿ ನಿಂತ ವಿದ್ಯಾರ್ಥಿನಿಯನ್ನು ನೋಡುವಂತೆ ಕನ್ನಡಕದ ಮೇಲಿಂದ ನೋಡುತ್ತಿದ್ದರು.

ಮನೆ, ಹೋಟೆಲ್, ಶಾಲೆ, ತೋಟ ಎಲ್ಲೆಲ್ಲಿಂದಲೋ ಬೋರ್‌ವೆಲ್ಲಿನ ನೀರು ಬಾಟಲಿಗಳಲ್ಲಿ ಬರುತ್ತಿತ್ತು. ದೇವದುರ್ಗದಲ್ಲಿ ಒಂದು ಝೆರಾಕ್ಸ್ ಅಂಗಡಿ, ಮಾನ್ವಿಯಲ್ಲಿ ಒಂದು ಔಷಧಿ ಅಂಗಡಿ ನಮಗಾಗಿ ಬಾಟಲಿ ತೆಗೆದುಕೊಂಡು ಬಸ್ಸಿಗೆ ಹಾಕುತ್ತಿದ್ದವು. ನಾವು ಪರೀಕ್ಷೆ ಮಾಡಿ ವರದಿಯನ್ನು ಮೇಲ್ ಮಾಡಿದರೆ ಅವರು ಪ್ರಿಂಟ್ ತೆಗೆದು ಗಿರಾಕಿಗೆ ಕೊಡುತ್ತಿದ್ದರು. ಮೊದಲು ವರದಿಯನ್ನು ನಾನೇ ಟೈಪ್ ಮಾಡುತ್ತಿದ್ದೆ. ಯಾರಿಗೂ ತೊಂದರೆ ಇರಲಿಲ್ಲ. ಹಾಗಾಗಿ ಸುಧಾರಣೆ ಬೇಕಾಯಿತು.

ಸರ್ ಹೈದರಾಬಾದಿನಿಂದ ವರದಿ ತಯಾರಿಸುವ ಸಾಫ್ಟ್‌ವೇರ್ ತರಿಸಿದರು. ಅಂಕಿ ತುಂಬಿದರೆ ಸಾಕು, ಚೌಕ, ಗೆರೆ, ಲಾಂಛನ, ಸಹಿ ಸಮೇತ ಪಿಡಿಎಫ್ ಹೊರಬೀಳುತ್ತದೆ ಎಂದು ಮಾರಿದವರು ಹೇಳಿದ್ದರು. ಬೀಳುತ್ತಿತ್ತು, ಸುಳ್ಳಲ್ಲ. ಯಾವ ಸ್ಥಿತಿಯಲ್ಲಿ ಬೀಳುತ್ತದೆ ಎಂಬುದನ್ನು ಮಾತ್ರ ‘ಔಟ್‌ಪುಟ್ ಸೆಟ್ಟಿಂಗ್ಸ್’ ಎಂಬ ಒಂದು ಪುಟ ನಿರ್ಧರಿಸುತ್ತಿತ್ತು. ಪುಟದ ಅಳತೆ, ಚಿತ್ರದ ಗುಣಮಟ್ಟ, ಫಾಂಟ್, ಭದ್ರತೆ ಎಂದು ನಾಲ್ಕು ಭಾಗ. ಒಂದೊಂದರಲ್ಲೂ ಹತ್ತು-ಹನ್ನೆರಡು ಪುಟ್ಟ ಚೌಕ. ಬೇಕಾದದ್ದಕ್ಕೆ ಟಿಕ್ ಹಾಕಬೇಕು.

“ಎಲ್ಲಾದಕ್ಕೂ ಟಿಕ್ ಹಾಕವಾ,” ಎಂದರು ಸರ್.

“ಎಲ್ಲಾ ಬೇಕಾಗಂಗಿಲ್ರಿ ಸರ್. ಏನೇನು ಅದಾವು ಅಂತ ಓದಿ, ಆಮ್ಯಾಲೆ ಹಾಕ್ತೀನ್ರಿ.”

“ಅವರು ಕೊಟ್ಟಾರಂದ್ರ ಬೇಕಂತನೇ ಕೊಟ್ಟಿರ್ತಾರ. ಪ್ರಶ್ನಿಪತ್ರಿಕಿಯೊಳಗ ಪ್ರಶ್ನಿ ಬಿಟ್ಟು ಬರ್ತಾರೇನು?”

ಹಾಕಿದೆ. ಮರುದಿನ ದೇವದುರ್ಗದಿಂದ ಫೋನು. ಅಲ್ಲಿನ ಝೆರಾಕ್ಸ್ ಅಂಗಡಿ ನಡೆಸುತ್ತಿದ್ದದ್ದು ಐವತ್ತು ದಾಟಿದ ಒಬ್ಬ ಹೆಣ್ಣುಮಗಳು. ಮನೆಯಲ್ಲಿ ದಖ್ಖನಿ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಊರೆಲ್ಲ ಆಕೆಯನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿತ್ತು, ನಾನೂ ಆಪಾ ಎನ್ನುತ್ತಿದ್ದೆ.

“ಬೇಟಿ, ನಿಮ್ಮ ಕಾಗದ ತೆರೀತದ, ಓದಾಕ ಬರ್ತದ. ಪ್ರಿಂಟ್ ಮಾತ್ರ ಬರಂಗಿಲ್ಲ. ಕೈಕು, ಯಾಕ ಹೀಂಗ?”

ನೋಡಿದರೆ, ‘ಮುದ್ರಣಕ್ಕೆ ಅನುಮತಿ ಇಲ್ಲ’ ಎಂಬುದಕ್ಕೂ ನಾವು ಭಕ್ತಿಯಿಂದ ಟಿಕ್ ಹಾಕಿದ್ದೆವು. ಸರ್‌ಗೆ ಹೇಳಿದರೆ ಅವರಿಗೆ ಸಂತೋಷವೇ ಆಯಿತು. “ಛಲೋ ಆತಲ್ಲ, ಯಾರೂ ಖೋಟಾ ವರದಿ ಮಾಡಾಕ ಆಗಂಗಿಲ್ಲ,” ಎಂದರು. ಖೋಟಾ ಇರಲಿ, ಖರೇ ವರದಿಯೂ ಯಾರ ಕೈಗೂ ಸಿಗುವುದಿಲ್ಲ ಎಂದು ತಿಳಿಸಿ ಹೇಳಿ ಆ ಟಿಕ್ ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಷ್ಟರೊಳಗೆ ಆಪಾ ತಾನೇ ದಾರಿ ಹುಡುಕಿಕೊಂಡಿದ್ದಳು. ಪರದೆಯ ಮೇಲಿನ ವರದಿಯನ್ನು ಮೊಬೈಲಿನಲ್ಲಿ ಫೋಟೋ ಹೊಡೆದು, ಆ ಫೋಟೋವನ್ನು ಪ್ರಿಂಟ್ ತೆಗೆದು ಮೂವರಿಗೆ ಕೊಟ್ಟಿದ್ದಳು. ಮೂರರಲ್ಲೂ ಆಕೆಯ ಅಂಗಡಿಯ ಟ್ಯೂಬ್‌ಲೈಟು ಸ್ಪಷ್ಟವಾಗಿ ಮೂಡಿತ್ತಂತೆ. ನಮ್ಮ ಇಡೀ ಭದ್ರತೆಯನ್ನು ಮುರಿಯಲು ಆಕೆಗೆ ಬೇಕಾದದ್ದು ಎರಡು ನಿಮಿಷ.

ಎರಡನೆಯ ಸಂಕಟ ಪುಟದ ಅಳತೆಯದು. ಆ ಸಾಫ್ಟ್‌ವೇರನ್ನು ಮೊದಲು ಬರೆದವರು ಅಮೆರಿಕದವರು ಇರಬೇಕು, ಅವರ ಕಾಗದ ನಮ್ಮ ಎ-ಫೋರ್‌ಗಿಂತ ಗಿಡ್ಡ. ಅಳತೆ ಬದಲಿಸುವುದು ನನಗೆ ಹೊಳೆಯಲಿಲ್ಲ. ಹೀಗಾಗಿ ಎಲ್ಲ ಫಲಿತಾಂಶ ಮೊದಲನೇ ಪುಟದಲ್ಲಿ, ಸರ್ ಅವರ ಸಹಿ ಮತ್ತು ಲ್ಯಾಬಿನ ಮೊಹರಿನ ಶಿಕ್ಕಾ ಮಾತ್ರ ಎರಡನೇ ಪುಟದಲ್ಲಿ ಏಕಾಂತವಾಗಿ ಕೂರುತ್ತಿದ್ದವು. ಮಾನ್ವಿಯ ಒಬ್ಬ ಹೋಟೆಲ್ ಮಾಲೀಕರು ಮೊದಲನೇ ಪುಟವನ್ನು ಎಲ್ಲೋ ಇಟ್ಟು, ಎರಡನೆಯದಕ್ಕೆ ಕಟ್ಟು ಹಾಕಿಸಿ ಗಲ್ಲೆಯ ಹಿಂದೆ ತೂಗುಹಾಕಿದರು. ಖಾಲಿ ಹಾಳೆ, ಕೆಳಗೆ ಸಹಿ, ಶಿಕ್ಕಾ. ಅದನ್ನು ನೋಡಿ ಯಾವ ಗಿರಾಕಿಯೂ ಪ್ರಶ್ನೆ ಕೇಳಲಿಲ್ಲ. ನಮ್ಮ ಲ್ಯಾಬಿಗೆ ಅಷ್ಟು ಗೌರವ ತಂದ ವರದಿ ಇನ್ನೊಂದಿಲ್ಲ.

ಕೊನೆಗೆ ಅಳತೆ ಸರಿಮಾಡಿದೆ. ಮತ್ತೆಂದೂ ಸಹಿ ಕೆಳಗೆ ಜಾರದಿರಲಿ ಎಂದು ಇನ್ನೊಂದು ಜಾಣತನವನ್ನೂ ಮಾಡಿದೆ. ‘ಬರಹ ಹೆಚ್ಚಾದರೆ ಚೌಕ ಬೆಳೆಯಲಿ’ ಎಂಬುದರ ಟಿಕ್ ತೆಗೆದುಬಿಟ್ಟೆ. ಅಂದರೆ ಒಂದೊಂದು ಚೌಕಕ್ಕೆ ಒಂದೇ ಸಾಲಿನ ಎತ್ತರ, ಏನೇ ಬಂದರೂ ಅದು ಅಲುಗಾಡುವುದಿಲ್ಲ. ಪುಟ ಶಿಸ್ತಾಗಿ ನಿಂತಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ, ತಟ್ಟಲು ಬೇರೆ ಯಾರೂ ಇರಲಿಲ್ಲ.

ಆಮೇಲೆ ಸರ್‌ಗೆ ಭಾಷೆಯ ವಿಚಾರ ಬಂತು. ಕೆಟ್ಟ ನೀರಿನ ವರದಿಯಲ್ಲಿ ‘ಕುಡಿಯಲು ಯೋಗ್ಯವಲ್ಲ’ ಎಂದು ಬರುತ್ತಿತ್ತು.

“ಹಿಂಗ ಕೂಡಿಸಿ ಬರದ್ರ ಮಂದಿ ‘ಯೋಗ್ಯ’ ತನಕ ಓದಿ ಎದ್ದು ಹೋಗ್ತಾರ,” ಎಂದರು. “ಬಿಡಿಸಿ ಬರಿ. ‘ಯೋಗ್ಯ’ ಬ್ಯಾರೆ, ‘ಅಲ್ಲ’ ಬ್ಯಾರೆ. ಅಲ್ಲ ಅನ್ನೋದು ಕಣ್ಣಿಗಿ ಹೊಡೀಬೇಕು.”

ಮಾತು ಸರಿ ಎನಿಸಿತು. ಬಿಡಿಸಿದೆ. ‘ಕುಡಿಯಲು ಯೋಗ್ಯ ಅಲ್ಲ.’

ಅಷ್ಟೊತ್ತಿಗೆ ಮಾನ್ವಿಯ ಔಷಧಿ ಅಂಗಡಿಯವರು ಕಡತ ಬಹಳ ಭಾರ ಎಂದು ತಕರಾರು ತೆಗೆದರು. ಒಂದು ವರದಿ ಇಳಿಯುವಷ್ಟರಲ್ಲಿ ಗಿರಾಕಿ ಚಹಾ ಕುಡಿದು ಬಂದಿರುತ್ತಾನೆ ಎಂದರು. ಭಾರಕ್ಕೆ ಕಾರಣ ಲಾಂಛನ. ಸರ್ ಅದನ್ನು ಸ್ವತಃ ಬರೆದಿದ್ದರು: ಒಂದು ನೀರಿನ ಹನಿ, ಹನಿಯೊಳಗೆ ಗಾಜಿನ ಫ್ಲಾಸ್ಕು, ಫ್ಲಾಸ್ಕಿನೊಳಗೆ ಹರಿಯುವ ಕೃಷ್ಣಾ ನದಿ. ಚಿತ್ರದ ಗುಣಮಟ್ಟ ಇಳಿಸಿದೆ. ನದಿ ಮಾಯವಾಯಿತು. ಸರ್ ಮುಖ ಸಣ್ಣದಾಯಿತು. “ನದಿ ಇಲ್ಲಂದ್ರ ಏನರ್ಥ ಅದಕ್ಕ?” ಎಂದರು. ನದಿ ಇದ್ದಾಗಲೂ ಅರ್ಥವೇನು ಎಂದು ನಾನು ಕೇಳಲಿಲ್ಲ. ಗುಣಮಟ್ಟವನ್ನು ಮತ್ತೆ ಏರಿಸಿ, ಭಾರವನ್ನು ಬೇರೆಡೆ ಇಳಿಸಲು ಹೊರಟೆ.

ಬೇರೆಡೆ ಎಂದರೆ ಫಾಂಟ್. ಸರ್ ಆರಿಸಿದ್ದ ದುಂಡಗಿನ, ಕಿರಿದಾದ ಅಕ್ಷರಗಳ ಫಾಂಟು ಬೇರೆಯವರ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಆದ್ದರಿಂದ ಅದನ್ನು ಪ್ರತಿ ಪಿಡಿಎಫ್ ಒಳಗೂ ತುಂಬಿ ಕಳಿಸಬೇಕು. ಸೆಟ್ಟಿಂಗ್ಸಿನಲ್ಲಿ ಇನ್ನೊಂದು ದಾರಿ ಕಂಡಿತು: ಪಿಡಿಎಫ್ ಮಾಡುವಾಗ ಈ ಫಾಂಟಿನ ಬದಲು ಎಲ್ಲರ ಹತ್ತಿರವೂ ಇರುವ ಸಾಮಾನ್ಯ ಫಾಂಟ್ ಬಳಸು. ಟಿಕ್ ಹಾಕಿದೆ. ಕಡತ ಹಗುರಾಯಿತು. ಒಂದು ಹೋಟೆಲಿನ ವರದಿ ತೆಗೆದು ಪರೀಕ್ಷಿಸಿದೆ. ಅಕ್ಷರ ಸ್ವಲ್ಪ ಅಗಲವಾಗಿದ್ದವು, ಅಷ್ಟೆ. ‘ಕುಡಿಯಲು ಯೋಗ್ಯ’ ಎಂದು ಚೆನ್ನಾಗಿಯೇ ಬಂದಿತ್ತು. ಹೋಟೆಲಿನ ನೀರು ನಿಜಕ್ಕೂ ಯೋಗ್ಯವಾಗಿತ್ತು. ಅಯೋಗ್ಯ ನೀರಿನ ವರದಿಯೊಂದನ್ನು ತೆಗೆದು ನೋಡುವ ಬುದ್ಧಿ ನನಗೆ ಬರಲಿಲ್ಲ. ವಿಜ್ಞಾನ ಓದಿದವಳು, ಒಂದೇ ಮಾದರಿ ನೋಡಿ ತೀರ್ಮಾನ ಬರೆದೆ.

ಮೂರು ವಾರ ಶಾಂತವಾಗಿ ಕಳೆಯಿತು. ನನ್ನ ಜೀವನದಲ್ಲಿ ಸಾಫ್ಟ್‌ವೇರಿನ ಬಗ್ಗೆ ಯಾರೂ ದೂರು ಹೇಳದ ಮೂರು ವಾರ ಅದೊಂದೇ. ಅದಕ್ಕೇ ಅನುಮಾನ ಬರಬೇಕಿತ್ತು.

ಒಂದು ದಿನ ಹನ್ನೊಂದು ಗಂಟೆಗೆ ಆಪಾಳ ಫೋನು ಬಂತು.

“ಬೇಟಿ, ನಾನೇನು ನಿಮ್ಮಂಗ ಓದಿದಾಕಿ ಅಲ್ಲ. ಆದ್ರ ದಿನಾ ಪ್ರಿಂಟ್ ತೆಗೀತೀನಿ, ಕಣ್ಣು ಸುಮ್ನ ಇರಂಗಿಲ್ಲ, ಓದ್ತದ. ಫ್ಲೋರೈಡ್ ಮುಂದ ಇರಬೇಕಾದ್ದಕ್ಕಿಂತ ಜಾಸ್ತಿ ಅಂತ ನೀವೇ ದಪ್ಪ ಅಕ್ಷರದಾಗ ಹಾಕೀರಿ. ಕೆಳಗ ಕುಡಿಯಲು ಯೋಗ್ಯ ಅಂತ ಬರದೀರಿ. ಯಾವುದು ನಂಬಬೇಕು?”

“ಯೋಗ್ಯ ಅಲ್ಲ ಅಂತ ಇರಬೇಕಲ್ರಿ ಆಪಾ?”

“ಇರಬೇಕು. ಇಲ್ಲ.”

ನನ್ನ ಪರದೆಯಲ್ಲಿ ಆ ವರದಿ ತೆಗೆದೆ. ‘ಕುಡಿಯಲು ಯೋಗ್ಯ ಅಲ್ಲ’ ಎಂದೇ ಇತ್ತು. ಕಳಿಸಿದ ಪಿಡಿಎಫ್ ತೆರೆದೆ. ‘ಕುಡಿಯಲು ಯೋಗ್ಯ.’ ಪರದೆ ಸರ್ ಆರಿಸಿದ ಕಿರಿದಾದ ಅಕ್ಷರಗಳನ್ನು ತೋರಿಸುತ್ತಿತ್ತು, ಪಿಡಿಎಫ್ ಆಗುವಾಗ ಮಾತ್ರ ನಾನು ಹೇಳಿದ ಅಗಲ ಅಕ್ಷರಗಳು ಬರುತ್ತಿದ್ದವು. ಅಗಲವಾದ ಸಾಲು ಚೌಕದಲ್ಲಿ ಹಿಡಿಸದೆ, ಕೊನೆಯ ಪದ ಕೆಳಗಿನ ಸಾಲಿಗೆ ಇಳಿಯುತ್ತಿತ್ತು. ಆ ಕೆಳಗಿನ ಸಾಲಿಗೆ ಜಾಗವೇ ಇಲ್ಲದಂತೆ ಚೌಕವನ್ನು ಬಿಗಿದಿಟ್ಟವಳೂ ನಾನೇ. ಕೂಡಿಸಿ ಬರೆದಿದ್ದರೆ ಇಡೀ ‘ಯೋಗ್ಯವಲ್ಲ’ ಬಿದ್ದುಹೋಗಿ, ‘ಕುಡಿಯಲು’ ಎಂಬಷ್ಟೇ ಉಳಿದು, ಓದಿದವರು ಗಾಬರಿಯಾಗಿ ಫೋನಾದರೂ ಮಾಡುತ್ತಿದ್ದರು. ಕಣ್ಣಿಗೆ ಹೊಡೆಯಲಿ ಎಂದು ಬಿಡಿಸಿಟ್ಟ ಪದ ಒಂಟಿಯಾಗಿ, ನಾಜೂಕಾಗಿ ಉದುರಿಹೋಗಿತ್ತು.

ಸರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎಷ್ಟು ವರದಿ ಹೋಗ್ಯಾವು ಹಿಂಗ?”

ಮೂರು ವಾರದ ಎಲ್ಲವನ್ನೂ ತೆಗೆದು ನೋಡಿದೆವು. ಏಳು. ಒಬ್ಬೊಬ್ಬರಿಗೂ ಫೋನ್ ಹಚ್ಚಿದೆವು. ದೇವದುರ್ಗದ ಗಿರಾಕಿಗೆ ಆಪಾ ವರದಿ ಕೊಟ್ಟೇ ಇರಲಿಲ್ಲ, ಅನುಮಾನ ಬಂದದ್ದೇ ತಡೆಹಿಡಿದಿದ್ದಳು. ಕುರ್ಡಿಯ ಒಬ್ಬ ರೈತರು, “ಆ ಕಾಗದ ನಾನು ಬಿಚ್ಚೇ ನೋಡಿಲ್ರಿ, ನೀರಂತೂ ಎಮ್ಮಿ ಕುಡೀತಾವ. ಎಮ್ಮಿಗಿ ಯೋಗ್ಯ ಅದನೋ ಇಲ್ಲೋ ಅದನ್ನ ಹೇಳ್ರಿ,” ಎಂದರು. ನಮ್ಮ ವರದಿಯಲ್ಲಿ ಎಮ್ಮೆಗೆ ಚೌಕವಿಲ್ಲ. ಹೀಗೆ ಆರು ಮಂದಿಗೆ ಹೇಳಿ ಮುಗಿಸಿದೆವು. ಉಳಿದದ್ದು ಏಳನೆಯದು: ಮಲ್ಲಟದ ಆಚೆ ಒಂದು ಹಳ್ಳಿಯ ಶಾಲೆ. ಹೊಸ ಬೋರ್‌ವೆಲ್ ಹಾಕಿಸಿ ನೀರು ಕಳಿಸಿದ್ದರು. ಹೆಡ್ ಮಾಸ್ತರರ ಫೋನು ಇಡೀ ದಿನ ಬಂದ್.

“ನಾಳಿ ಮುಂಜಾನಿ ಮೊದಲನೇ ಬಸ್ಸಿಗಿ ಹೋಗೋಣ,” ಎಂದರು ಸರ್. ಮೇಲ್ ಮಾಡಿದರೆ ಸಾಲದೇ ಎಂದು ನಾನು ಕೇಳಲಿಲ್ಲ. ಮೇಲ್ ಮಾಡಿಯೇ ಇಷ್ಟಾಗಿತ್ತು.

ಮಾನ್ವಿಗೆ ಹೋಗುವ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಸರ್ ಹೊಸ ವರದಿಯನ್ನು ಬಟ್ಟೆಯ ಚೀಲದಲ್ಲಿಟ್ಟು ಚೀಲವನ್ನು ತೊಡೆಯ ಮೇಲೆ ಹಿಡಿದಿದ್ದರು. ಸ್ವಲ್ಪ ದೂರ ಹೋದ ಮೇಲೆ ನಾನೇ ಬಾಯಿಬಿಟ್ಟೆ.

“ಸರ್, ಇದು ನಂದೇ ತಪ್ಪು. ಚೌಕ ಬಿಗಿ ಮಾಡಿದಾಕಿ ನಾನು, ಫಾಂಟ್ ಬದಲಿ ಮಾಡಿದಾಕೀನೂ ನಾನೇ.”

“ಅಲ್ಲ ಅನ್ನೋದನ್ನ ಬ್ಯಾರೆ ಮಾಡು ಅಂದಾವ ಯಾರು? ಹನಿಯೊಳಗ ನದಿ ಬೇಕು ಅಂತ ಹಟ ಹಿಡದಾವ ಯಾರು?” ಎಂದರು. ಸ್ವಲ್ಪ ತಡೆದು, “ಸಹಿ ಮಾಡಿದಾವ ಯಾರು?” ಎಂದರು.

ತಪ್ಪು ತನ್ನದೆಂದು ಇಬ್ಬರು ಜಗಳಾಡುವುದನ್ನು ನಾನು ಮೊದಲ ಸಲ ನೋಡಿದ್ದು, ಅದರಲ್ಲಿ ಒಬ್ಬಳು ನಾನೇ ಆಗಿದ್ದೆ. ಶಾಲೆಗೆ ವರದಿ ತಲುಪಿ ಒಂಬತ್ತು ದಿನವಾಗಿತ್ತು. ಒಂಬತ್ತು ದಿನ ಮಕ್ಕಳು ಆ ನೀರು ಕುಡಿದಿದ್ದಾರೆ ಎಂಬುದನ್ನೇ ಕಿಟಕಿಯಾಚೆ ನೋಡುತ್ತ ಎಣಿಸುತ್ತಿದ್ದೆ.

ಮಾನ್ವಿಯಲ್ಲಿಳಿದು ಇನ್ನೊಂದು ಬಸ್ಸು, ಆಮೇಲೆ ಟಂಟಂ ಆಟೋ. ಸರ್ ಟಂಟಂನಲ್ಲಿ ಮೇವಿನ ಹೊರೆಗೂ ಒಬ್ಬ ಅಜ್ಜಿಗೂ ನಡುವೆ, ಪರೀಕ್ಷಾ ಮೇಲ್ವಿಚಾರಣೆಗೆ ಹೊರಟವರ ಗಾಂಭೀರ್ಯದಲ್ಲಿ ಕೂತಿದ್ದರು.

ಶಾಲೆ ಚಿಕ್ಕದು, ಚೊಕ್ಕಟ. ಹೊಸ ನಳದ ಮೇಲೆ, ಗೋಡೆಗೆ, ನಮ್ಮ ವರದಿ ಪ್ಲಾಸ್ಟಿಕ್ ಹೊದಿಸಿಕೊಂಡು ನಿಂತಿತ್ತು. ‘ಕುಡಿಯಲು ಯೋಗ್ಯ.’ ಹನಿಯೊಳಗಿನ ನದಿ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು.

ಹೆಡ್ ಮಾಸ್ತರರು ಬಂದು ಕೈಮುಗಿದರು. ಫೋನು ನೀರಿನಲ್ಲಿ ಬಿದ್ದಿದೆ ಎಂದರು, ಯಾವ ನೀರಿನಲ್ಲಿ ಎಂದು ಕೇಳುವ ಹೊತ್ತಲ್ಲ ಅದು. ಸರ್ ನಿಂತೇ ವಿಷಯ ಹೇಳಿದರು.

“ಹಂಗಾರ ಇದು ಸುಳ್ಳೇನ್ರಿ?” ಹೆಡ್ ಮಾಸ್ತರರು ಗೋಡೆ ತೋರಿಸಿದರು. “ಸಹಿ ಅದ, ಶಿಕ್ಕಾ ಅದ!”

“ಸಹಿ ನಂದೇ,” ಎಂದರು ಸರ್. “ಅದಕ್ಕಂತನೇ ನಾನೇ ಬಂದೀನಿ.”

ಮಕ್ಕಳಿಗೆ ಏನಾಗುತ್ತದೆ ಎಂದು ಅವರು ಗಾಬರಿಯಿಂದ ಕೇಳಿದರು. ಫ್ಲೋರೈಡ್ ವರ್ಷಗಟ್ಟಲೆ ಕುಡಿದರೆ ಹಲ್ಲು, ಎಲುಬು ತಿನ್ನುತ್ತದೆ, ಒಂಬತ್ತು ದಿನಕ್ಕೆ ಹೆದರಬೇಕಾಗಿಲ್ಲ, ಆದರೆ ಇವತ್ತಿಗೇ ನಿಲ್ಲಿಸಬೇಕು ಎಂದು ಸರ್ ನಿಧಾನವಾಗಿ ತಿಳಿಸಿದರು. ಹೆಡ್ ಮಾಸ್ತರರು ಕೂಡಲೇ ನಳಕ್ಕೆ ಹಗ್ಗ ಕಟ್ಟಿಸಿದರು. ಎಲ್ಲ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಂಗಸು ಆಗ ಬಾಯಿ ಹಾಕಿದಳು. ಬಿಸಿಯೂಟ ಮಾಡಲು ಬದಲಿಗೆ ಬಂದವಳಂತೆ.

“ಮದಲಿನ ಆಕೀನೂ ಇದೇ ಹೇಳಿದ್ಲಲ್ರಿ ಮಾಸ್ತರ್. ಅದಕ್ಕೇ ಆಕೀನ ಬಿಡಿಸಿದ್ರಿ.”

ಹೆಡ್ ಮಾಸ್ತರರು ಗೋಡೆಯ ಕಡೆ ನೋಡಿದರು.

ಬಿಡಿಸಿ ಕೇಳಿದಾಗ ಕಥೆ ಹೊರಬಂತು. ಹಳೆಯ ಅಡುಗೆಯಾಕೆ ಆ ಬೋರಿನ ನೀರಿನಲ್ಲಿ ಅಡುಗೆ ಮಾಡುವುದಿಲ್ಲ ಎಂದು ಹಟ ಹಿಡಿದು, ದೂರದ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದಳು. ಅಡುಗೆ ತಡವಾಗುತ್ತಿತ್ತು. ನಮ್ಮ ವರದಿ ಬಂದ ದಿನ ಹೆಡ್ ಮಾಸ್ತರರು ಮಕ್ಕಳ, ಪಾಲಕರ ಮುಂದೆ ಆಕೆಗೆ ಅದನ್ನು ತೋರಿಸಿ ಬೈದಿದ್ದರು. ಆಕೆ ಆಗಲೂ ಒಪ್ಪಲಿಲ್ಲ. ನಾಳೆಯಿಂದ ಬರಬೇಡ ಎಂದಿದ್ದರು.

“ಆಕಿ ಮನಿ ಎಲ್ಲದ?” ಎಂದರು ಸರ್.

ಎರಡು ಓಣಿ ಆಚೆ. ಹೆಡ್ ಮಾಸ್ತರರೂ ಹಿಂದೆ ಬಂದರು, ಸ್ವಲ್ಪ ದೂರ ಬಿಟ್ಟು. ಆಕೆ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಲವತ್ತೈದರ ಗಟ್ಟಿ ಹೆಂಗಸು. ನಮ್ಮನ್ನು ನೋಡಿ ಎದ್ದಳು, ನಮ್ಮ ಹಿಂದೆ ಇದ್ದ ಹೆಡ್ ಮಾಸ್ತರರನ್ನು ನೋಡಿ ಮತ್ತೆ ಕೂತಳು.

ಸರ್ ಚೀಲದಿಂದ ಹೊಸ ವರದಿ ತೆಗೆದು, ಹಳೆಯದರಲ್ಲಿ ‘ಅಲ್ಲ’ ಬಿಟ್ಟುಹೋಗಿದ್ದನ್ನು ಹೇಳಿದರು. ಆಕೆ ಮೊರ ಕೆಳಗಿಟ್ಟು ಕೇಳಿಸಿಕೊಂಡಳು.

“ನನಗ ಯಾವ ಕಾಗದಾನೂ ಬೇಕಿರಲಿಲ್ರಿ ಯಪ್ಪಾ,” ಎಂದಳು. “ಬ್ಯಾಳಿ ಬೇಯಲಿಲ್ಲ. ಎರಡು ತಾಸು ಕುದಿಸಿದ್ರೂ ಕಲ್ಲು ಕಲ್ಲು. ಪಾತೇಲಿ ಒಳಗೆಲ್ಲ ಬೆಳ್ಳಗ ಕಟ್ಟಿತ್ತು. ನಮ್ಮ ತವರೂರಾಗ ಇಂಥಾ ನೀರೇ ಇದ್ದದ್ದು, ನನ್ನ ತಮ್ಮಂದಿರ ಹಲ್ಲು ನೋಡಬೇಕು ನೀವು, ಕಂದು ಹತ್ತ್ಯಾವು. ನಗಾಕ ನಾಚ್ತಾರ. ಇಲ್ಲಿ ಹುಡುಗರಿಗಿ ಅದನ್ನ ಹೆಂಗ ಕುಡಿಸಲಿ?”

“ನೀ ಹೇಳಿದ್ದು ಸರಿ ಅದ, ತಾಯಿ,” ಎಂದರು ಸರ್.

ಬೇಳೆ ಬೇಯದಿರುವುದು ನೀರಿನ ಗಡಸುತನದಿಂದ, ಹಲ್ಲು ಕಂದಾಗುವುದು ಫ್ಲೋರೈಡಿನಿಂದ, ಎರಡೂ ಬೇರೆ ಬೇರೆ ಎಂದು ಅವರೊಳಗಿನ ಅಧ್ಯಾಪಕ ಹೇಳಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಮುಚ್ಚಿಕೊಂಡದ್ದನ್ನೂ ನೋಡಿದೆ. ಬಾಟಲಿ, ಬ್ಯುರೆಟ್ಟು ಇಲ್ಲದ ಆಕೆಯ ವರದಿಯಲ್ಲಿ ಎರಡೂ ಸರಿಯಾಗಿದ್ದವು.

“ಈಗ ಹೇಳ್ತೀರಿ,” ಎಂದಳು. “ಅವತ್ತು ಎಲ್ಲಾರ ಮುಂದ, ಸಾಯನ್ಸಿಗಿಂತ ನೀನು ಶಾಣ್ಯಾಕ್ಯೇನು ಅಂದ್ರು ಇವರು. ಮಂದಿ ನಕ್ಕರು. ಎಂಟು ವರ್ಷ ನನ್ನ ಕೈಯಾಗ ಉಂಡ ಹುಡುಗರು ನಕ್ಕರು.”

ಹೆಡ್ ಮಾಸ್ತರರು ಕೆಮ್ಮಿದರು. “ಸೋಮವಾರದಿಂದ ಬಾರವಾ ಮತ್ತ. ಆದದ್ದು ಆತು,” ಎಂದರು.

“ಹಂಗ ಬರಂಗಿಲ್ರಿ,” ಎಂದಳು. ದನಿ ಏರಿಸಲಿಲ್ಲ. “ಕಾಗದ ತೋರಿಸಿ ಬೈದೀರಿ. ನನಗೂ ಒಂದು ಕಾಗದ ಬೇಕು. ನಾ ಹೇಳಿದ್ದು ಖರೇ ಅದ ಅಂತ ಬರೀರಿ, ನನ್ನ ಹೆಸರು ಹಾಕ್ರಿ. ಸಹಿ, ಶಿಕ್ಕಾ ಎಲ್ಲಾ ಬೇಕು. ಎಲ್ಲಾರ ಮುಂದ ಓದ್ರಿ, ಆಮ್ಯಾಲೆ ಬರ್ತೀನಿ.”

ಸರ್ ತಲೆಯಾಡಿಸಿದರು. ಹೆಡ್ ಮಾಸ್ತರರಿಗೆ ಬೇರೆ ದಾರಿ ಇರಲಿಲ್ಲ.

ಮರುದಿನ ಲ್ಯಾಬಿನಲ್ಲಿ ಸರ್ ಪತ್ರ ಹೇಳಿ ಬರೆಸಿದರು. ‘ಸದರಿ ಮಹಿಳೆಯು ವ್ಯಕ್ತಪಡಿಸಿದ ಅಭಿಪ್ರಾಯವು ಪ್ರಯೋಗಾಲಯದ ಫಲಿತಾಂಶಗಳಿಗೆ ಅನುಗುಣವಾಗಿರುವುದು ಕಂಡುಬಂದಿರುತ್ತದೆ.’ ಆಕೆಗೆ ಇದು ಅರ್ಥವಾಗುವುದಿಲ್ಲ ಎಂದೆ. ‘ಇವರು ಹೇಳಿದ್ದು ನಿಜ. ನಮ್ಮ ವರದಿ ತಪ್ಪು’ ಎಂದು ಬದಲಿಸಲು ಒಂದು ತಾಸು ವಾದವಾಯಿತು. ಮೂವತ್ತು ವರ್ಷ ಕಲಿಸಿದವರಿಗೆ ‘ತಪ್ಪು’ ಎಂಬ ಪದವನ್ನು ಬೇರೆಯವರ ಉತ್ತರಪತ್ರಿಕೆಯ ಮೇಲೆ ಬರೆದೇ ರೂಢಿ.

ಆಮೇಲೆ ನಾನು ಸೆಟ್ಟಿಂಗ್ಸ್ ತೆರೆದೆ. ಫಾಂಟನ್ನು ಕಡತದೊಳಗೇ ತುಂಬಿದೆ. ಚೌಕಗಳಿಗೆ ಬೆಳೆಯುವ ಸ್ವಾತಂತ್ರ್ಯ ಕೊಟ್ಟೆ. ಭಾರವಾದರೆ ಆಗಲಿ, ಗಿರಾಕಿ ಎರಡು ಸಲ ಚಹಾ ಕುಡಿಯಲಿ. ನನ್ನ ಕಂಪ್ಯೂಟರಿನಲ್ಲಿ ನೋಡಿ ನಂಬುವ ಚಟ ಬಿಟ್ಟಿತ್ತು. ಪತ್ರವನ್ನು ಮೊದಲು ದೇವದುರ್ಗಕ್ಕೆ ಕಳಿಸಿ ಫೋನ್ ಮಾಡಿದೆ.

“ಆಪಾ, ಪ್ರಿಂಟ್ ತೆಗೆದು ಜೋರಾಗಿ ಓದ್ರಿ. ಒಂದಕ್ಷರ ಬಿದ್ದಿಲ್ಲ ಅಂತ ಹೇಳ್ರಿ.”

ಆಕೆ ಓದಿದಳು, ತಡವರಿಸಿ, ಒಂದೊಂದೇ ಪದ. ನಾನು ಈ ಕಡೆ ಬೆರಳಿಟ್ಟುಕೊಂಡು ಹೊಂದಿಸಿ ನೋಡಿದೆ.

“ಒಂದಕ್ಷರಾನೂ ಬಿದ್ದಿಲ್ಲ,” ಎಂದಳು. “ಆದ್ರ ಬೇಟಿ, ಮಾಫಿ ಕೇಳಿದ ಸಾಲು ಎಲ್ಲದ? ಅದೂ ಕೆಳಗ ಕತ್ತರಿಸಿ ಹೋಗ್ಯದೇನು?”

ಅದು ಕತ್ತರಿಸಿ ಹೋಗಿರಲಿಲ್ಲ. ನಾವು ಬರೆದೇ ಇರಲಿಲ್ಲ. ಒಂದು ತಾಸು ವಾದ ಮಾಡಿದ ಇಬ್ಬರು ಓದಿದವರಿಗೂ ಅದು ನೆನಪಾಗಿರಲಿಲ್ಲ. ಫೋನಿಗೆ ಕೈ ಅಡ್ಡ ಹಿಡಿದು ಸರ್‌ಗೆ ಹೇಳಿದೆ. ಅವರು ಎದ್ದು ಬಂದು, ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಎರಡೇ ಬೆರಳಿನಲ್ಲಿ ತಾವೇ ಟೈಪ್ ಮಾಡಿದರು: ‘ಇದರಿಂದ ಇವರಿಗೆ ಆದ ಅವಮಾನಕ್ಕೆ ನಾವು ಕ್ಷಮೆ ಕೇಳುತ್ತೇವೆ.’ ಆ ಒಂದು ಸಾಲಿಗೆ ಕಾಲುಗಂಟೆ ಹಿಡಿಯಿತು. ಅಲ್ಲಿಯವರೆಗೂ ಆಪಾ ಫೋನಿಡಲಿಲ್ಲ.

ಸೋಮವಾರದ ಪ್ರಾರ್ಥನೆಯಲ್ಲಿ ಹೆಡ್ ಮಾಸ್ತರರು ಪತ್ರ ಓದಿದರು. ಕ್ಷಮೆಯ ಸಾಲು ಬಂದಾಗ ದನಿ ಇಳಿಸಿದರಂತೆ, ‘ಜೋರಾಗಿ ಓದ್ರಿ’ ಎಂದು ಆಕೆ ಅಲ್ಲೇ ಹೇಳಿದಳಂತೆ. ಅವರು ಮತ್ತೊಮ್ಮೆ ಓದಿದರಂತೆ. ಇದನ್ನು ಹೇಳಿದ್ದು ಬದಲಿಗೆ ಬಂದಿದ್ದ ಹೆಂಗಸು. ಆಕೆಯನ್ನೂ ಬಿಡಿಸಲಿಲ್ಲ, ಈಗ ಇಬ್ಬರೂ ಅಡುಗೆ ಮಾಡುತ್ತಾರೆ.

ಕೆಲವು ತಿಂಗಳ ನಂತರ ಶಾಲೆಯ ಇನ್ನೊಂದು ಮಗ್ಗುಲಲ್ಲಿ ಬೋರ್ ಹಾಕಿಸಿದರು. ಬಾಟಲಿಯ ಜೊತೆ 'ಅಡುಗೆಯವರ ಒತ್ತಾಯದ ಮೇರೆಗೆ' ಎಂದು ಹೆಡ್ ಮಾಸ್ತರರ ಕೈಬರಹದ ಚೀಟಿ ಇತ್ತು. ಒತ್ತಾಯ ಎಂಬ ಪದ ಆಕೆ ಹೇಳಿ ಬರೆಸಿದ್ದೋ, ಅವರಿಗೇ ಹೊಳೆದದ್ದೋ ಗೊತ್ತಿಲ್ಲ. ನೀರು ಚೆನ್ನಾಗಿತ್ತು. ಸರ್ ವರದಿಯನ್ನು ಮೇಲ್ ಮಾಡಲು ಬಿಡಲಿಲ್ಲ, ತಾವೇ ಒಯ್ಯುತ್ತೇನೆ ಎಂದು ಹೊರಟರು. ನಾನೂ ಹೋದೆ.

ಆಕೆ ಹೊಸ ನಳದ ನೀರನ್ನು ತಂಬಿಗೆಯಲ್ಲಿ ತಂದು ಸರ್ ಮುಂದೆ ಹಿಡಿದಳು. ಮಡಿವಂತರಾದ ನಮ್ಮ ಸರ್ ಮನೆಯ ಹೊರಗೆ ನೀರು ಕುಡಿಯುವವರಲ್ಲ. ಇದು ಆಕೆಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಏನು ನೆಪ ಹೇಳುತ್ತಾರೋ ಎಂದು ಕಾದೆ. ಅವರು ಒಂದು ಕ್ಷಣ ತಂಬಿಗೆಯನ್ನೇ ನೋಡಿ, ಎರಡೂ ಕೈಯಲ್ಲಿ ತೆಗೆದುಕೊಂಡು, ಎತ್ತಿ ಗಟಗಟ ಕುಡಿದರು.

“ಹೆಂಗ ಅದಾವ್ರಿ ಯಪ್ಪಾ ನೀರು?”

“ಕ್ಲೋರೈಡ್ ಸ್ವಲ್ಪ ಮ್ಯಾಲೆ ಅದ,” ಎಂದು ಧೋತರದ ಚುಂಗಿನಲ್ಲಿ ಬಾಯಿ ಒರೆಸಿಕೊಂಡರು. “ಆದ್ರೂ ನಡೀತದ.”

ಆಕೆ ನಕ್ಕಳು. ಟಂಟಂ ಬರಲು ಇನ್ನೂ ಹೊತ್ತಿತ್ತು. ನಾವು ಬೇವಿನ ಗಿಡದ ಕೆಳಗೆ ಕೂತೆವು.